ಬಂಪರ್ ಹಿಂದಿನ ಬೀಮ್

ಅವ್ವೀ,

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಡ್ರಾಯಿಂಗ್ ಅನ್ನು ಗ್ಯಾರೇಜ್ ಮುಚ್ಚಿದ ಮೇಲೆ ನಿಧಾನವಾಗಿ ನೋಡಿದೆ. ಅಳತೆಗಳನ್ನೆಲ್ಲ ಎಷ್ಟು ಚೊಕ್ಕ ಬರೆದಿದ್ದೀ. ಮೊನ್ನೆ ಫೋನಿನಲ್ಲಿ 'ಆಗಲ್ಲ' ಅಂದುಬಿಟ್ಟೆ. ಯಾಕೆ ಆಗಲ್ಲ ಅಂತ ಹೇಳಲಿಲ್ಲ. ಅದು ನನ್ನ ತಪ್ಪು. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ನಮ್ಮ ಕಾರಿಗೆ ನೀನು ಕೇಳಿದ್ದು ಮೂರು ಕೆಲಸ. ಮುಂದಿನ ಬಂಪರ್ ಹಿಂದಿರುವ ಬೀಮ್ ತೆಗೆದು ಅಲ್ಲಿ ಇಂಜಿನ್‌ಗೆ ಹೋಗುವ ಗಾಳಿ ತಣಿಸುವ ದೊಡ್ಡ ಇಂಟರ್‌ಕೂಲರ್ ಕೂರಿಸಬೇಕು. ಅಗಲದ ಟೈರು ಹಿಡಿಸಲು ಚಕ್ರದ ಒಳಬದಿಯ ತಗಡು, ಆ ಏಪ್ರನ್, ಸ್ವಲ್ಪ ಕೊಯ್ಯಬೇಕು. ಹಿಂದಿನ ಸೀಟು ಕಿತ್ತು ಒಳಗೆ ಪೈಪಿನ ಕೇಜ್, ಅಂದರೆ ಪಂಜರ, ವೆಲ್ಡ್ ಮಾಡಬೇಕು. ತೂಕ ಇಳಿಯುತ್ತದೆ, ತಿರುವಿನಲ್ಲಿ ಬಾಡಿ ತಿರುಚುವುದಿಲ್ಲ, ಇಂಜಿನ್‌ಗೆ ತಣ್ಣನೆ ಗಾಳಿ ಸಿಗುತ್ತದೆ ಅಂದೆ. ಒಂದೂ ಸುಳ್ಳಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಕಲಬುರಗಿಯಲ್ಲಿ ಇಂಜಿನ್‌ಗೆ ತಣ್ಣನೆ ಗಾಳಿ ಎಷ್ಟು ಬೇಕು ಅಂತ ನನಗೂ ಗೊತ್ತು.

ಆದರೆ ನಿನಗೆ ಇಷ್ಟು ದಿನ ಹೇಳದ ಒಂದು ಮಾತಿದೆ.

ನೀನು ಆಗ ಮೂರನೇ ಕ್ಲಾಸು. ಆಳಂದ ಕಡೆಯ ಒಬ್ಬ ಹುಡುಗ ಕಾರು ತಂದ. 'ಉಸ್ತಾದ್, ಮುಂದ ಗಟ್ಟಿ ಗಾರ್ಡ್ ಹಾಕ್ರಿ. ಎಮ್ಮಿ ಬಡಿದ್ರೂ ಗಾಡಿಗಿ ಗೀರು ಬೀಳಬಾರದು' ಅಂದ. ನಾನು ದಪ್ಪ ಪೈಪು ತಂದು, ಇಂಜಿನ್‌ನ ಎರಡೂ ಬದಿಗೆ ಮುಂದಕ್ಕೆ ಚಾಚಿರುತ್ತವಲ್ಲ ಚಾಸಿಸ್ ಕಾಲುಗಳು, ಅವಕ್ಕೇ ನೇರ ವೆಲ್ಡ್ ಮಾಡಿದೆ. ಒಳ್ಳೆ ಕೆಲಸ ಮಾಡಿದೆ ಅಂತ ಖುಷಿಪಟ್ಟೆ ಕೂಡ. ಕಬ್ಬಿನ ಹಂಗಾಮಿನಲ್ಲಿ ಒಂದು ರಾತ್ರಿ ಹುಮ್ನಾಬಾದ್ ರಸ್ತೆಯಲ್ಲಿ ಲೈಟಿಲ್ಲದೆ ನಿಂತಿದ್ದ ಕಬ್ಬಿನ ಟ್ರಾಲಿಗೆ ಅವನು ಹೋಗಿ ಬಡಿದ. ಗಾಡಿ ನನ್ನ ಗ್ಯಾರೇಜಿಗೇ ಬಂತು. ನೋಡಲು ಬಂದವರೆಲ್ಲ ಹೊಗಳಿದರು. 'ಏನ್ ವೆಲ್ಡಿಂಗ್ ರೀ ಉಸ್ತಾದ್, ಗಾಡಿಗಿ ಏನೂ ಆಗಿಲ್ಲ ನೋಡ್ರಿ.' ಹುಡುಗ ಮಾತ್ರ ಸೋಲಾಪುರದ ಆಸ್ಪತ್ರೆಯಲ್ಲಿದ್ದ. ಸೀಟ್ ಬೆಲ್ಟ್ ಹಾಕಿಕೊಂಡಿದ್ದ. ಆದರೂ ಪಕ್ಕೆಲುಬು ಮುರಿದಿದ್ದವು. ಎರಡು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ.

ಅದೇ ಚಳಿಗಾಲದಲ್ಲಿ ಇನ್ನೊಂದು ಕಾರು ಬಂತು. ಮೂತಿ ಇಂಜಿನ್ ತನಕ ಮಡಚಿ ಹೋಗಿತ್ತು, ಗುಜರಿಗೆ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಬಾಗಿಲು ಹಿಡಿದು ಎಳೆದೆ. ಒಂದೇ ಎಳೆತಕ್ಕೆ ತೆರೆಯಿತು. ಒಳಗಿದ್ದ ನಾಲ್ಕು ಜನ ತಾವೇ ಇಳಿದು ರಸ್ತೆ ಪಕ್ಕ ಕೂತಿದ್ದರಂತೆ. ಅಂದಿನಿಂದ ಬಡಿದ ಗಾಡಿ ಬಂದರೆ ನಾನು ಮೂತಿ ನೋಡುವುದಿಲ್ಲ, ಮೊದಲು ಬಾಗಿಲು ಎಳೆದು ನೋಡುತ್ತೇನೆ.

ನೀನು ಪಿಯುಸಿಯಲ್ಲಿ ಜೋರಾಗಿ ಓದುತ್ತಿದ್ದ ಸೂತ್ರದಲ್ಲೇ ಲೆಕ್ಕ ಹಾಕು. ಗಂಟೆಗೆ 56 ಕಿಲೋಮೀಟರ್ ವೇಗ. ಮುಂಭಾಗ ಮಡಚುತ್ತಾ 60 ಸೆಂಟಿಮೀಟರ್‌ನಲ್ಲಿ ಕಾರು ನಿಂತರೆ, ನಿನ್ನ ಮೈಮೇಲೆ ನಿನ್ನ ತೂಕದ ಸುಮಾರು 20 ಪಟ್ಟು ಹೊರೆ ಬೀಳುತ್ತದೆ. 60 ಕೆಜಿ ಅಂತ ಹಿಡಿದರೆ 12 ಕ್ವಿಂಟಲ್. ಮುಂಭಾಗ ಗಟ್ಟಿಯಾಗಿ 30 ಸೆಂಟಿಮೀಟರ್‌ಗೇ ನಿಂತರೆ 24 ಕ್ವಿಂಟಲ್. ಗಂಜ್‌ನಲ್ಲಿ ಒಂದು ಕ್ವಿಂಟಲ್ ತೊಗರಿ ಎತ್ತುವ ಹಮಾಲರ ಬೆನ್ನು ನೋಡಿದ್ದೀಯಲ್ಲ. ನಾನು ಆ ಹುಡುಗನ ಎದೆ ಮೇಲೆ ಹೊರೆ ಹೆಚ್ಚಿಸಿದ್ದು ಹೀಗೆ.

ಗಟ್ಟಿ ಗಾಡಿಯೇ ಸುರಕ್ಷಿತ ಅಂತ ಮೊದಲು ಇಂಜಿನಿಯರ್‌ಗಳೂ ನಂಬಿದ್ದರು. ಮರ್ಸಿಡಿಸ್ ಕಂಪನಿಯ ಇಂಜಿನಿಯರ್ ಬೇಲಾ ಬರೇನಿ ಅದನ್ನು ತಲೆಕೆಳಗು ಮಾಡಿದ. ಮುಂದೆ ಹಿಂದೆ ಮಡಚಬೇಕು, ಜನ ಕೂರುವ ನಡುವಿನ ಭಾಗ ಮಾತ್ರ ಗಟ್ಟಿ ನಿಲ್ಲಬೇಕು ಅಂದ. 1959ರ ಮರ್ಸಿಡಿಸ್‌ನಲ್ಲಿ ಅದು ಮೊದಲು ಬಂತು. ಈಗ ನಮ್ಮ ದೇಶದ ಕಾನೂನಿನ ಪರೀಕ್ಷೆಯಲ್ಲೂ ಕಾರಿನ ಮುಖದ ಶೇ. 40 ಭಾಗವನ್ನು 56 ಕಿಲೋಮೀಟರ್ ವೇಗದಲ್ಲಿ ಬಡಿಸಿ ನೋಡುತ್ತಾರೆ. 2019ರ ಅಕ್ಟೋಬರ್‌ನಿಂದ ಎಲ್ಲ ಹೊಸ ಕಾರುಗಳಿಗೂ ಇದು ಬಂದಿದೆ. ನಮ್ಮ ಕಾರು 2020ರದ್ದು, ಅದನ್ನು ದಾಟಿಯೇ ಬಂದಿದೆ.

ಅರ್ಧ ಮುಖಕ್ಕೇ ಯಾಕೆ ಬಡಿಸುತ್ತಾರೆ ಅಂದರೆ, ಓವರ್‌ಟೇಕ್ ಮಾಡುವಾಗ ಎದುರಿನ ಗಾಡಿ ತಾಗುವುದು ಹಾಗೇ ಅಲ್ವಾ? ಸೇಡಂ ರಸ್ತೆಯ ಸಿಮೆಂಟ್ ಲಾರಿಗಳನ್ನು ನೆನಪಿಸಿಕೋ. ಒಂದು ಬದಿಗೆ ಬಿದ್ದ ಏಟನ್ನು ಇನ್ನೊಂದು ಬದಿಯ ಕಾಲಿಗೂ ಹಂಚುವುದು ನೀನು ತೆಗೆಯಬೇಕೆಂದಿರುವ ಆ ಬೀಮ್. ಅದು ಹೋದರೆ ಒಂದೇ ಕಾಲು ಎಲ್ಲವನ್ನೂ ತಿನ್ನಬೇಕು. ಏರ್‌ಬ್ಯಾಗ್ ಬಿಚ್ಚುವ ಹೊತ್ತನ್ನೂ ಮುಂಭಾಗ ಮಡಚುವ ರೀತಿ ನೋಡಿಯೇ ಹೊಂದಿಸಿರುತ್ತಾರೆ.

ಇನ್ನು ಕೇಜ್. ಕಾಲೇಜಿನವರು ತಾವೇ ಕಟ್ಟಿದ ಗಾಡಿ ಓಡಿಸುವ ಪೀಥಂಪುರದ ಬಾಹಾ ಸ್ಪರ್ಧೆಗೆ ನೀನು ಬಗ್ಗಿ ಕಟ್ಟಿದಾಗ ನನಗೆ ಎಷ್ಟು ಹೆಮ್ಮೆಯಾಗಿತ್ತು. ಅದರ ಪೈಪಿನ ಜಾಯಿಂಟ್‌ಗಳ ಫೋಟೋ ಇನ್ನೂ ನನ್ನ ಫೋನಿನಲ್ಲಿವೆ. ಆದರೆ ಅಲ್ಲಿ ತಲೆಗೆ ಹೆಲ್ಮೆಟ್ ಇತ್ತು, ಮೈಗೆ ರೇಸಿನ ಬೆಲ್ಟ್ ಇತ್ತು, ಪೈಪಿಗೆ ಸ್ಪಂಜು ಸುತ್ತಿದ್ದಿರಿ. ಕಾರಿನ ಬೆಲ್ಟ್ ಬೇರೆ, ಅದು ಮೈಯನ್ನು ಸ್ವಲ್ಪ ಮುಂದಕ್ಕೆ ಬಿಡುತ್ತದೆ. ಆಫೀಸಿಗೆ ಹೆಲ್ಮೆಟ್ ಹಾಕಿಕೊಂಡು ಯಾರೂ ಕಾರು ಓಡಿಸುವುದಿಲ್ಲ. ನಿನ್ನ ಡ್ರಾಯಿಂಗ್‌ನಲ್ಲಿ ತಲೆಗೂ ಪೈಪಿಗೂ ನಡುವೆ ಒಂದು ಗೇಣು ಜಾಗವೂ ಇಲ್ಲ. ಅದನ್ನು ಎರಡು ಸಲ ಅಳೆದು ನೋಡಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಬಾಗಿಲ ನಡುವಿನ ಪಿಲ್ಲರ್‌ಗೆ ಕೇಜ್ ವೆಲ್ಡ್ ಮಾಡುವ ಮಾತೂ ಬೇಡ. ಈಗಿನ ಹಲವು ಕಾರುಗಳಲ್ಲಿ ಅಲ್ಲಿ ಬೋರಾನ್ ಸೇರಿಸಿದ ಉಕ್ಕು ಇರುತ್ತದೆ. ಸುಮಾರು 900 ಡಿಗ್ರಿಗೆ ಕಾಯಿಸಿ, ಅಚ್ಚಿನಲ್ಲೇ ಥಟ್ಟನೆ ತಣಿಸಿ ಮಾಡಿದ್ದು. ಮೊದಲ ಸಲ ಅದಕ್ಕೆ ಡ್ರಿಲ್ ಹಿಡಿದಾಗ ನನ್ನ ಬಿಟ್ ಸುಟ್ಟೇ ಹೋಯಿತು. ವೆಲ್ಡಿಂಗ್ ಬಿಸಿ ತಾಗಿದರೆ ಆ ಜಾಗ ಮೆತ್ತಗಾಗುತ್ತದೆ. ಮೇಲೆ ಪೇಂಟ್ ಹೊಡೆದರೆ ಯಾರಿಗೂ ಕಾಣುವುದಿಲ್ಲ, ಅದೇ ನನಗೆ ಭಯ.

ಕಾನೂನು ನಿನಗೇ ಗೊತ್ತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೀಳಬಹುದು, ಆರು ತಿಂಗಳವರೆಗೆ ಜೈಲೂ ಇದೆ. ನನ್ನ ಚಿಂತೆ ದಂಡದ್ದಲ್ಲ.

ಕಾರು ಚೆನ್ನಾಗಿ ಓಡಲಿ ಅಂತ ನನಗೂ ಆಸೆ. ಕಂಪನಿ ಹೇಳಿದ ಸೈಜಿನಲ್ಲೇ ಒಳ್ಳೆಯ ಟೈರು ಹಾಕೋಣ. ಬ್ರೇಕ್ ಪ್ಯಾಡ್, ಶಾಕ್ ಅಬ್ಸಾರ್ಬರ್, ಬುಷ್ ಎಲ್ಲ ಹೊಸದು. ಅಲೈನ್‌ಮೆಂಟ್ ನಾನೇ ನಿಂತು ಮಾಡಿಸುತ್ತೇನೆ. ಮುಂದಿನ ಎರಡು ಶಾಕ್ ಅಬ್ಸಾರ್ಬರ್‌ಗಳ ತಲೆ ಜೋಡಿಸಿ ಬೋಲ್ಟಿನಿಂದ ಕೂರುವ ಸ್ಟ್ರಟ್ ಬಾರ್ ಬಗ್ಗೆ ಬೇಕಾದರೆ ಮಾತಾಡೋಣ, ಅದಕ್ಕೂ ನನಗೆ ಅಷ್ಟು ಮನಸ್ಸಿಲ್ಲ.

ಎಳ್ಳಮವಾಸ್ಯೆಗೆ ಎರಡು ದಿನ ಮೊದಲೇ ಬಾ. ನಮ್ಮದೇ ಮಾಡೆಲ್‌ನ ಒಂದು ಕಾರಿನ ಮೂತಿ ಗುಜರಿಗೆ ಹೋಗುವುದಿತ್ತು. ನಿನಗಾಗಿ ತಡೆದು ಇಟ್ಟಿದ್ದೇನೆ. ಅದರ ಚಾಸಿಸ್ ಕಾಲುಗಳ ಮೇಲೆ ಅಲ್ಲಲ್ಲಿ ಸಣ್ಣ ತಗ್ಗುಗಳಿವೆ, ಎಲ್ಲಿಂದ ಮಡಚಬೇಕು ಅಂತ ಬೇಕೆಂದೇ ಒತ್ತಿ ಮಾಡಿದ್ದು. ಕೈಯಾಡಿಸಿ ನೋಡು, ಆಮೇಲೆ ಗ್ರೈಂಡರ್ ನಿನ್ನ ಕೈಗೇ ಕೊಡುತ್ತೇನೆ. ಅದನ್ನು ಎಷ್ಟು ಬೇಕಾದರೂ ಕೊಯ್ಯಿ. ಅವ್ವ ಭಜ್ಜಿಗೆ, ಸಜ್ಜಿ ರೊಟ್ಟಿಗೆ ಈಗಿನಿಂದಲೇ ಸಾಮಾನು ಕೂಡಿಸುತ್ತಿದ್ದಾಳೆ. ಬಸ್ಸಿಗೆ ಬಾ, ನಾನು ಸ್ಟ್ಯಾಂಡಿಗೆ ಬರುತ್ತೇನೆ.

ನಿನ್ನ ಅಪ್ಪ
ಕಲಬುರಗಿ