ಶುಗರ್‌ಗೆ ಜೀನ್ ಪರೀಕ್ಷೆ: ಜಿಲ್ಲಾಸ್ಪತ್ರೆಯಲ್ಲೂ ಸಿಗಲಿ

ಮಾನ್ಯರೇ,

ನನ್ನ ಅಕ್ಕನ ಮಗಳಿಗೆ 19ನೇ ವಯಸ್ಸಿಗೇ ಶುಗರ್ ಬಂತು. ತೆಳ್ಳಗಿನ ಹುಡುಗಿ. ಟೈಪ್ 1, ಅಂದರೆ ದೇಹದಲ್ಲಿ ಇನ್ಸುಲಿನ್ ತಯಾರಾಗದ ಬಗೆಯ ಶುಗರ್ ಅಂತ ಹೇಳಿ ಇನ್ಸುಲಿನ್ ಶುರು ಮಾಡಿದರು. ಫ್ರಿಜ್ಜಿನಲ್ಲಿ ನೀರುದೋಸೆ ಹಿಟ್ಟಿನ ಪಕ್ಕ ಯಾವಾಗಲೂ ಇನ್ಸುಲಿನ್ ಡಬ್ಬಿ, ಮದುವೆಗೆ ಹೋದರೂ ಊಟಕ್ಕೆ ಮೊದಲು ಒಂದು ಮೂಲೆ ಹುಡುಕಿ ಚುಚ್ಚಿಕೊಳ್ಳಬೇಕು. ಆರು ವರ್ಷ ಹೀಗೇ ಕಳೆಯಿತು. ಅಕ್ಕನಿಗೂ, ನಮ್ಮ ಅಮ್ಮನಿಗೂ ಸಣ್ಣ ಪ್ರಾಯದಲ್ಲೇ ಶುಗರ್ ಬಂದಿತ್ತು, ಆದರೆ ಅದನ್ನು ಯಾರೂ ಕೇಳಲೇ ಇಲ್ಲ.

ಕೊನೆಗೆ ಒಬ್ಬರು ಡಾಕ್ಟರ್ ಕೇಳಿದರು, ರಕ್ತ ಜೀನ್ ಪರೀಕ್ಷೆಗೆ ಹೋಯಿತು. ಗೊತ್ತಾಗಿದ್ದು 'ಮೋಡಿ' ಎಂಬ ಬೇರೆಯೇ ಬಗೆಯ ಮಧುಮೇಹ. ಎಚ್‌ಎನ್‌ಎಫ್1ಎ ಎಂಬ ಒಂದೇ ಜೀನಿನ ದೋಷ. ಇದಕ್ಕೆ ಸಲ್ಫೋನಿಲ್‌ಯೂರಿಯಾ ಗುಂಪಿನ ಹಳೆಯ, ಅಗ್ಗದ ಮಾತ್ರೆ ಚೆನ್ನಾಗಿ ಹಿಡಿಯುತ್ತದೆ. ಈಗ ಅವಳಿಗೆ ಬೆಳಿಗ್ಗೆ ಅರ್ಧ ಮಾತ್ರೆ, ಅಷ್ಟೇ.

ಎಲ್ಲರಿಗೂ ಹೀಗಾಗುವುದಿಲ್ಲ. ಸಾಮಾನ್ಯ ಟೈಪ್ 2ರಲ್ಲಿ ನೂರಾರು ಜೀನ್‌ಗಳು ಸೇರಿಕೊಂಡಿರುತ್ತವೆ, ಅಲ್ಲಿ ಪರೀಕ್ಷೆ ನೋಡಿ ಮಾತ್ರೆ ಬರೆಯುವ ಕಾಲ ಇನ್ನೂ ಬಂದಿಲ್ಲ, ಜಾಹೀರಾತು ನೋಡಿ ಸುಮ್ನೆ ದುಡ್ಡು ಸುರಿಯಬೇಡಿ. ಇನ್ಸುಲಿನ್ ಅಂತೂ ನೀವಾಗಿ ನಿಲ್ಲಿಸಲೇಬಾರದು. ಆದರೆ ಆರು ತಿಂಗಳೊಳಗಿನ ಮಗುವಿಗೆ ಶುಗರ್ ಬಂದರೆ ಈ ಪರೀಕ್ಷೆ ಬೇಕೇ ಬೇಕು. ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಸಣ್ಣ ಪ್ರಾಯದಲ್ಲೇ ಬರುತ್ತಿದ್ದರೆ ಡಾಕ್ಟರನ್ನು ಕೇಳಿ.

ಉಡುಪಿ ಜಿಲ್ಲಾಸ್ಪತ್ರೆಯಲ್ಲಿ, ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ಇಂಥವರ ರಕ್ತ ತೆಗೆದು ಸರ್ಕಾರದ ಖರ್ಚಿನಲ್ಲೇ ಲ್ಯಾಬಿಗೆ ಕಳಿಸುವಂತಾಗಬೇಕು. ನಮ್ಮಕ್ಕ ಇದಕ್ಕಾಗಿ ಬಳೆ ಅಡವಿಟ್ಟಿದ್ದಳು.

– ಓದುಗ, ಮಲ್ಪೆ, ಉಡುಪಿ