ಕ್ಲ್ಯಾಟ್ ಅರ್ಜಿಗೆ ಪಿಯು ಫಲಿತಾಂಶ ಕಾಯಬೇಡಿ

ಮಾನ್ಯರೇ,

ದ್ವಿತೀಯ ಪಿಯು ಫಲಿತಾಂಶ ಬಂದ ವಾರ 'ಮಗಳನ್ನು ನ್ಯಾಷನಲ್ ಲಾ ಸ್ಕೂಲಿಗೆ ಸೇರಿಸಬೇಕು, ಅರ್ಜಿ ಯಾವಾಗ ಬಿಡುತ್ತಾರೆ?' ಎಂದು ವಿಚಾರಿಸುವ ಪೋಷಕರು ಪ್ರತಿವರ್ಷ ಇರುತ್ತಾರೆ. ಅಷ್ಟು ಹೊತ್ತಿಗೆ ಆ ವರ್ಷದ ಕ್ಲ್ಯಾಟ್, ಅಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ, ಮುಗಿದು ನಾಲ್ಕು ತಿಂಗಳಾಗಿರುತ್ತದೆ. ಸಿಇಟಿ, ನೀಟ್ ಎಲ್ಲ ಪಿಯು ಪರೀಕ್ಷೆಯ ನಂತರ ನಡೆಯುವುದರಿಂದ ಇದೂ ಹಾಗೆಯೇ ಇರಬೇಕೆಂದು ಅವರು ಎಣಿಸಿದ್ದರೆ ತಪ್ಪು ಅವರದಲ್ಲ. ಯಾರೂ ಹೇಳಿರುವುದಿಲ್ಲ.

2025ರ ಪ್ರವೇಶಕ್ಕೆ ಕ್ಲ್ಯಾಟ್ ನಡೆದದ್ದು 2024ರ ಡಿಸೆಂಬರ್ 1ರಂದು. 2026ರದ್ದು 2025ರ ಡಿಸೆಂಬರ್ 7ರಂದು. ಎರಡೂ ತಿಂಗಳ ಮೊದಲ ಭಾನುವಾರ. ಅರ್ಜಿ ಜುಲೈ ಮಧ್ಯದಲ್ಲೋ ಆಗಸ್ಟ್ ಮೊದಲಲ್ಲೋ ಶುರುವಾಗಿ ಅಕ್ಟೋಬರ್‌ನಲ್ಲಿ ಮುಗಿಯುತ್ತದೆ. ಕೊನೆಗೆ ಒಂದು ವಾರ ವಿಸ್ತರಿಸಿದ್ದುಂಟು, ಆದರೆ ಅದನ್ನು ನೆಚ್ಚಿಕೊಳ್ಳಬಾರದು. ದ್ವಿತೀಯ ಪಿಯು ಓದುತ್ತಿರುವವರೂ ಅರ್ಜಿ ಹಾಕಬಹುದು. 2026ರ ಪ್ರವೇಶದ ಕ್ಲ್ಯಾಟ್‌ಗೆ ಶುಲ್ಕ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ, ಪರಿಶಿಷ್ಟರಿಗೆ 3,500 ಇತ್ತು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಕ್ಲ್ಯಾಟ್ ಅಂಕ ಪರಿಗಣಿಸುವುದಿಲ್ಲ. ಅದರ ಐಲೆಟ್ ಪರೀಕ್ಷೆ ಈಚಿನ ವರ್ಷಗಳಲ್ಲಿ ಕ್ಲ್ಯಾಟ್ ಆಗಿ ಸರಿಯಾಗಿ ಒಂದು ವಾರಕ್ಕೆ ಬಂದಿದೆ. ಅರ್ಜಿ, ಶುಲ್ಕ ಎರಡೂ ಬೇರೆ.

ಹೀಗಾಗಿ ತಯಾರಿ ಪ್ರಥಮ ಪಿಯುನಲ್ಲೇ ಶುರುವಾಗಬೇಕು. ನಮ್ಮ ಮಕ್ಕಳು ಹೆಚ್ಚು ಎಡವುವುದು ಕಾನೂನಿನಲ್ಲಲ್ಲ, ಓದುವ ವೇಗದಲ್ಲಿ. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ ಇರುತ್ತದೆ. 120 ಪ್ರಶ್ನೆ, 120 ನಿಮಿಷ. ಸುಮಾರು 450 ಪದಗಳ ಪರಿಚ್ಛೇದ ಕೊಟ್ಟು ಅದರ ಮೇಲೆ ನಾಲ್ಕರಿಂದ ಆರು ಪ್ರಶ್ನೆ ಕೇಳುತ್ತಾರೆ. ಒಟ್ಟು ಹತ್ತು ಸಾವಿರ ಪದಗಳ ಆಸುಪಾಸು. ನಿಮಿಷಕ್ಕೆ 150 ಪದ ಓದುವವರಿಗೆ ಬರೀ ಓದುವುದಕ್ಕೇ 67 ನಿಮಿಷ ಹೋಗುತ್ತದೆ; 250 ಪದ ಓದುವವರಿಗೆ 40 ಸಾಕು. ಆ 27 ನಿಮಿಷವನ್ನು ಕೊನೆಯ ಎರಡು ತಿಂಗಳ ಕೋಚಿಂಗ್ ಕೊಡಲಾರದು. ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯವನ್ನು ಗಡಿಯಾರ ಇಟ್ಟುಕೊಂಡು ಓದಿ, ಸಾರಾಂಶವನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು. ಮೊದಮೊದಲು ಕನ್ನಡದಲ್ಲೇ ಬರೆದರೂ ಸರಿ, ಅರ್ಥವಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಪ್ರಚಲಿತ ವಿದ್ಯಮಾನಕ್ಕೂ ಈ ಓದೇ ಬುನಾದಿ.

ಕಾನೂನು ತರ್ಕದ ವಿಭಾಗಕ್ಕೆ ಕಾನೂನು ಗೊತ್ತಿರಬೇಕಿಲ್ಲ, ಕೊಟ್ಟ ತತ್ವಕ್ಕೆ ಅಂಟಿಕೊಂಡರಾಯಿತು. 'ಅನುಮತಿಯಿಲ್ಲದೆ ಬೇರೆಯವರ ಜಾಗಕ್ಕೆ ಕಾಲಿಟ್ಟರೆ ಅತಿಕ್ರಮ ಪ್ರವೇಶ, ಹಾನಿಯಾಗಿರಬೇಕೆಂದಿಲ್ಲ' ಎಂಬುದು ಕೊಟ್ಟ ತತ್ವ ಎಂದಿಟ್ಟುಕೊಳ್ಳಿ. ಹುಡುಗನೊಬ್ಬ ಚೆಂಡು ತರಲು ಪಕ್ಕದ ಹಿತ್ತಲಿಗೆ ಹೋದ, ಒಂದು ಗಿಡವೂ ಮುರಿಯಲಿಲ್ಲ. ಬಹಳ ಮಕ್ಕಳು 'ಪಾಪ, ಏನೂ ಹಾಳು ಮಾಡಿಲ್ಲವಲ್ಲ' ಎಂದು ಅತಿಕ್ರಮವಲ್ಲ ಎನ್ನುತ್ತಾರೆ. ಅಂಕ ಹೋಗುವುದು ಈ ಕರುಣೆಯಿಂದ. ಪ್ರತಿ ತಪ್ಪಿಗೆ 0.25 ಕಡಿತ ಬೇರೆ. ನಾಲ್ಕರಲ್ಲಿ ಎರಡು ಆಯ್ಕೆಗಳನ್ನು ಖಚಿತವಾಗಿ ತಳ್ಳಿಹಾಕಲು ಆದರೆ ಉತ್ತರ ಗುರುತಿಸುವುದೇ ಲಾಭ. ಉತ್ತರದ ವೃತ್ತ ತುಂಬುವ ಒಎಂಆರ್ ಹಾಳೆಯಲ್ಲಿ ಪೆನ್ನಿನಿಂದ ತುಂಬಿದ ವೃತ್ತವನ್ನು ಅಳಿಸಲಾಗದು. ಆದ್ದರಿಂದ ಅಣಕು ಪರೀಕ್ಷೆಯನ್ನು ಮೊಬೈಲಿನಲ್ಲಿ ಬರೆದರೆ ಸಾಲದು, ಒಎಂಆರ್ ಹಾಳೆಯ ಮೇಲೆಯೇ ಬರೆಯಬೇಕು, ಅದೂ ಪರೀಕ್ಷೆಯ ಹೊತ್ತಾದ ಮಧ್ಯಾಹ್ನ 2ರಿಂದ 4ಕ್ಕೆ.

ದಾಖಲೆಗಳಲ್ಲೂ ಎಡವಟ್ಟಾಗುತ್ತದೆ. ಬೆಂಗಳೂರು ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲಿ ಶೇ 25ರಷ್ಟು ಸೀಟು ಕರ್ನಾಟಕದ ವಿದ್ಯಾರ್ಥಿಗಳಿಗೆ ಮೀಸಲು. ಇದಕ್ಕೆ ರಾಜ್ಯದಲ್ಲಿ ಕನಿಷ್ಠ 10 ವರ್ಷ ಓದಿರಬೇಕು, ಅರ್ಜಿಯಲ್ಲೇ ಕೋರಿರಬೇಕು. ಎರಡು ಮೂರು ಶಾಲೆ ಬದಲಿಸಿದವರು ಎಲ್ಲ ಕಡೆಯ ವ್ಯಾಸಂಗ ಪ್ರಮಾಣಪತ್ರಗಳನ್ನು ಬೇಸಿಗೆ ರಜೆ ಮುಗಿದ ಕೂಡಲೇ ಪಡೆದಿಟ್ಟುಕೊಳ್ಳಲಿ. ಕೇಂದ್ರ ನಮೂನೆಯ ಒಬಿಸಿ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಪ್ರತ್ಯೇಕ ಅರ್ಜಿ ಕೊಡಬೇಕು. ಸಿಇಟಿಗೆ ಮಾಡಿಸಿದ, ರಾಜ್ಯದ ಹಿಂದುಳಿದ ವರ್ಗಗಳ 2ಎ, 3ಬಿ ಪತ್ರ ಅದರ ಬದಲಿಗೆ ನಡೆಯುವುದಿಲ್ಲ.

ಅಷ್ಟಾಗಿಯೂ ಸೀಟು ಸಿಗದಿದ್ದರೆ ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಐದು ವರ್ಷದ ಕೋರ್ಸ್‌ಗೆ ಪಿಯು ಅಂಕಗಳ ಮೇಲೆಯೇ ಪ್ರವೇಶ ಉಂಟು. ಡಿಸೆಂಬರ್ ಭರಾಟೆಯಲ್ಲಿ ಮಾರ್ಚ್ ಪರೀಕ್ಷೆಯನ್ನು ಕೈಬಿಟ್ಟವರಿಗೆ ಈ ದಾರಿಯೂ ಕಷ್ಟ.

ಪದವಿಪೂರ್ವ ಶಿಕ್ಷಣ ಇಲಾಖೆ ಜೂನ್‌ನಲ್ಲಿ ಒಂದು ಸುತ್ತೋಲೆ ಹೊರಡಿಸಿ, ಕ್ಲ್ಯಾಟ್ ವೇಳಾಪಟ್ಟಿಯನ್ನು ಎಲ್ಲ ಸರ್ಕಾರಿ ಕಾಲೇಜುಗಳ ಸೂಚನಾ ಫಲಕದಲ್ಲಿ ಹಾಕಿಸಲಿ. ತಮ್ಮ ಪತ್ರಿಕೆಯೂ ಮೇ ತಿಂಗಳ 'ಪಿಯು ನಂತರ ಮುಂದೇನು' ಪುಟದ ಜತೆಗೆ, ಪ್ರಥಮ ಪಿಯು ಮಕ್ಕಳಿಗಾಗಿ ಇಂಥದ್ದೊಂದು ಪುಟವನ್ನು ಜುಲೈನಲ್ಲಿ ತರಬೇಕೆಂದು ಕೋರುತ್ತೇನೆ.

– ಪಿಯು ಕಾಲೇಜು ಉಪನ್ಯಾಸಕಿ, ಶಿವಮೊಗ್ಗ