ಲೈಪ್‌ಜಿಗ್‌ನಲ್ಲಿರುವ ಅನಘಾಳಿಗೆ

ಮೈಸೂರು

ಚಿ. ಅನಘಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಜರ್ಮನ್ ಪೌರತ್ವಕ್ಕೆ ಅರ್ಜಿ ಹಾಕಲೋ ಬೇಡವೋ ಅಂತ ಕೇಳಿದ್ದೀಯ. ಟ್ರಾಮ್‌ನಲ್ಲಿ ಒಬ್ಬ ಮುದುಕ "ನಿಮ್ಮ ದೇಶಕ್ಕೆ ಹೋಗಿ" ಅಂದಿದ್ದನ್ನೂ ಬರೆದಿದ್ದೀಯ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮೊದಲು ಕಾಗದಪತ್ರದ ವಿಷಯ. 2024ರ ಜೂನ್‌ನಿಂದ ಅಲ್ಲಿ ಎಂಟು ವರ್ಷದ ಬದಲು ಐದು ವರ್ಷ ಇದ್ದರೆ ಸಾಕು. ಎರಡು ಪೌರತ್ವವನ್ನೂ ಅವರು ಒಪ್ಪುತ್ತಾರೆ. ನಮ್ಮ ದೇಶ ಒಪ್ಪುವುದಿಲ್ಲ. ಅದು ಸಿಕ್ಕ ಕೂಡಲೇ ಇದು ಹೋಗುತ್ತದೆ. ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಓಸಿಐ ಕಾರ್ಡ್ ಇದ್ದರೆ ಬಂದು ಇರಬಹುದು, ಆದರೆ ಇಲ್ಲಿ ವೋಟು ಹಾಕುವ ಹಾಗಿಲ್ಲ, ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ಇದನ್ನು ನಿಮ್ಮಪ್ಪನ ಜೊತೆ ಬಿಡಿಸಿ ಮಾತಾಡು.

ಇನ್ನು ಆ ಮುದುಕನ ಮಾತು. ಅಲ್ಲಿ 'ಫೋಲ್ಕ್' ಅನ್ನುವ ಪದ ಇದೆಯಲ್ಲ, ಎಲ್ಲ ಜಗಳವೂ ಅದರದ್ದೇ. ಅದಕ್ಕೆ ಜನ ಅನ್ನುವ ಅರ್ಥವೂ ಇದೆ, ಒಂದೇ ಕುಲದವರು ಅನ್ನುವ ಅರ್ಥವೂ ಇದೆ. 1961ರಲ್ಲಿ ಒಪ್ಪಂದ ಮಾಡಿಕೊಂಡು ಟರ್ಕಿಯಿಂದ ಕೆಲಸಗಾರರನ್ನು ಕರೆಸಿ, ಅವರಿಗೆ 'ಅತಿಥಿ ಕೆಲಸಗಾರರು' ಅಂತ ಹೆಸರಿಟ್ಟರು. ಅತಿಥಿಗಳು ಅಲ್ಲೇ ಸಂಸಾರ ಹೂಡಿದರು. ಆದರೂ 2000ದವರೆಗೆ ಅವರ ಮಕ್ಕಳು ಅಲ್ಲಿ ಹುಟ್ಟಿದ ಮಾತ್ರಕ್ಕೆ ಜರ್ಮನ್ನರಾಗುತ್ತಿರಲಿಲ್ಲ. ಕಾನೂನು ರಕ್ತವನ್ನೇ ನೋಡುತ್ತಿತ್ತು.

ನೀನಿರುವ ಊರಿನ ಕತೆಯನ್ನೇ ತಗೋ. 1989ರ ಅಕ್ಟೋಬರ್ 9, ಸೋಮವಾರ. ಆಗ ಲೈಪ್‌ಜಿಗ್ ಕಮ್ಯುನಿಸ್ಟರ ಆಳ್ವಿಕೆಯ ಪೂರ್ವ ಜರ್ಮನಿಯಲ್ಲಿತ್ತು. ನಿಕೊಲಾಯ್ ಚರ್ಚಿನಲ್ಲಿ ಪ್ರಾರ್ಥನೆ ಮುಗಿಯಿತು, ಸುಮಾರು 70,000 ಜನ ಬೀದಿಯಲ್ಲಿ ಸೇರಿದರು. ಗುಂಡು ಹಾರಬಹುದು ಅಂತ ಗೊತ್ತಿದ್ದೂ 'ವೀರ್ ಸಿಂಟ್ ದಸ್ ಫೋಲ್ಕ್', ಅಂದರೆ 'ನಾವೇ ಜನ' ಅಂತ ಕೂಗುತ್ತಾ ನಡೆದರು. ಸರಿಯಾಗಿ ಒಂದು ತಿಂಗಳಿಗೆ ಬರ್ಲಿನ್ ಗೋಡೆ ತೆರೆಯಿತು. 2014ರಲ್ಲಿ ಹತ್ತಿರದ ಡ್ರೆಸ್ಡೆನ್‌ನಲ್ಲಿ ಮತ್ತೆ ಸೋಮವಾರಗಳಂದೇ ಅದೇ ಘೋಷಣೆ ಕೇಳಿಸಿತು. ಈ ಸಲ ಕೂಗಿದ್ದು ವಲಸೆ ಬಂದವರ ಮೇಲೆ. ಅಷ್ಟು ಧೈರ್ಯದಿಂದ ಹುಟ್ಟಿದ ಮಾತು ಹೀಗಾಯಿತಲ್ಲ ಅಂತ ನನಗೆ ಈಗಲೂ ಸಂಕಟವಾಗುತ್ತದೆ. 2025ರ ಚುನಾವಣೆಯಲ್ಲಿ ವಲಸೆಯನ್ನು ವಿರೋಧಿಸುವ ಎಎಫ್‌ಡಿ ಪಕ್ಷಕ್ಕೆ ಶೇ. 20.8 ಮತ ಬಂತು. ಪೂರ್ವದ ರಾಜ್ಯಗಳಲ್ಲಿ ಅದೇ ಮೊದಲ ಸ್ಥಾನದಲ್ಲಿತ್ತು.

ಹಾಗಂತ ನಿನ್ನ ನೆರೆಯವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬೇಡ. 1990ರಲ್ಲಿ ಎರಡು ಜರ್ಮನಿಗಳು ಒಂದಾದ ನಂತರ ಪೂರ್ವದ ಸರ್ಕಾರಿ ಕಾರ್ಖಾನೆಗಳು ಮಾರಾಟವಾದವು, ಎಷ್ಟೋ ಮುಚ್ಚಿದವು. ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಹರೆಯದವರು ಪಶ್ಚಿಮಕ್ಕೆ ಹೊರಟುಹೋದರು. ಅವರ ನೋವು ನಿಜ. ಆ ಸಿಟ್ಟನ್ನು ನಿನ್ನ ಮೇಲೆ ತೀರಿಸಿಕೊಳ್ಳುವುದು ತಪ್ಪು.

1992ರ ಡಿಸೆಂಬರ್‌ನಲ್ಲಿ ನಾನು ತರಬೇತಿಗೆಂದು ಮ್ಯೂನಿಕ್‌ನಲ್ಲಿದ್ದೆ. ಮೋಲ್ನ್ ಎಂಬ ಊರಲ್ಲಿ ಟರ್ಕಿಯವರ ಮನೆಗೆ ಬೆಂಕಿ ಇಟ್ಟು ಮೂವರನ್ನು ಕೊಂದು ಎರಡು ವಾರವೂ ಆಗಿರಲಿಲ್ಲ. ನಮ್ಮ ಮನೆ ಒಡತಿ ನನ್ನ ಕೈಗೆ ಮೇಣದಬತ್ತಿ ಕೊಟ್ಟು ಬೀದಿಗೆ ಕರೆದುಕೊಂಡು ಹೋದರು. ಆ ಸಂಜೆ ಲಕ್ಷಗಟ್ಟಲೆ ಜನ ಸುಮ್ನೆ ದೀಪ ಹಿಡಿದು ನಿಂತಿದ್ದರು. ಅವರೂ ಫೋಲ್ಕ್ ಅಲ್ವಾ, ಮಗಳೇ?

ಬರ್ಲಿನ್‌ನ ಸಂಸತ್ ಭವನದ ಮುಂದೆ 'ಜರ್ಮನ್ ಫೋಲ್ಕ್‌ಗೆ' ಅಂತ 1916ರಲ್ಲಿ ಹಾಕಿದ ಅಕ್ಷರಗಳಿವೆ. ಒಳಗಿನ ಅಂಗಳದಲ್ಲಿ ಕಲಾವಿದ ಹಾನ್ಸ್ ಹಾಕೆ 'ಇಲ್ಲಿ ವಾಸಿಸುವವರಿಗೆ' ಎಂಬ ಅರ್ಥ ಬರುವ ಅಕ್ಷರಗಳನ್ನು ಇಟ್ಟಿದ್ದಾರೆ. ಅದಕ್ಕೆ ಸಂಸತ್ತು ಒಪ್ಪಿಗೆ ಕೊಟ್ಟಿದ್ದು 2000ದಲ್ಲಿ, ಬರೀ ಎರಡು ಮತಗಳ ಅಂತರದಲ್ಲಿ. ಆ ಎರಡು ಮತ ನನಗೆ ಪದೇ ಪದೇ ನೆನಪಾಗುತ್ತದೆ. ಅದಕ್ಕೇ ಹೇಳುತ್ತೇನೆ, ಅರ್ಜಿ ಹಾಕು. ನಿನ್ನ ವೋಟೂ ಆ ಲೆಕ್ಕದಲ್ಲಿ ಸೇರಲಿ.

ಆದರೆ ಪಾಸ್‌ಪೋರ್ಟ್ ಜೊತೆ ಆ ದೇಶದ ಸಾಲವೂ ನಿನಗೆ ಬರುತ್ತದೆ. ನಾಜಿಗಳ ಅನ್ಯಾಯಕ್ಕೆ ಜರ್ಮನಿ ಹೊತ್ತ ಹೊಣೆಯನ್ನು ಒಪ್ಪುತ್ತೇನೆ ಅಂತ ಹೊಸಬರೂ ಈಗ ಬರೆದುಕೊಡಬೇಕು. ನಮ್ಮಜ್ಜ ಮಾಡಿದ ಪಾಪವಲ್ಲವಲ್ಲ ಅನ್ನಬೇಡ. ಕಾಲುದಾರಿಯಲ್ಲಿ ಅಂಗೈ ಅಗಲದ ಹಿತ್ತಾಳೆ ಕಲ್ಲುಗಳಿವೆ, ನೋಡಿರುತ್ತೀಯ. 'ಇಲ್ಲಿ ವಾಸವಿದ್ದರು' ಅಂತ ಶುರುವಾಗುತ್ತವೆ. ನಾಜಿಗಳು ಮನೆಯಿಂದ ಎಳೆದೊಯ್ದವರ ಹೆಸರು ಅವು. 1938ರಲ್ಲಿ ಯಹೂದಿಗಳ ಮೇಲೆ ದಾಳಿ ನಡೆದ ದಿನವೆಂದು ನವೆಂಬರ್ 9ರಂದು ಜನ ಅವನ್ನು ಉಜ್ಜಿ ತೊಳೆದು ದೀಪ ಇಡುತ್ತಾರೆ. ಈ ಸಲ ನೀನೂ ಹೋಗು. ನಿನ್ನ ಮನೆಗೆ ತೀರಾ ಹತ್ತಿರ ಇರುವ ಕಲ್ಲಿನ ಮೇಲೆ ಯಾರ ಹೆಸರಿದೆ ಅಂತ ಮುಂದಿನ ಪತ್ರದಲ್ಲಿ ಬರೆ.

ಇತಿ,
ನಿನ್ನ ದೊಡ್ಡಪ್ಪ